ಪಾಳಿಗೆ ನಿಂತ ಕೋಲುಗಳು

ಕಲ್ಯಾಣದುರ್ಗದ ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಮತಪೆಟ್ಟಿಗೆಗಳನ್ನು ಎಣಿಸಿ, ಸಹಿ ಹಾಕಿ ತೆಗೆದುಕೊಳ್ಳುವಾಗಲೇ ಮಳೆ ಹಿಡಿದಿತ್ತು. ದೊಡ್ಡ ಮಳೆಯೇನಲ್ಲ. ನಮ್ಮ ಸೀಮೆಯಲ್ಲಿ ತೆಲುಗರೂ ಕನ್ನಡದವರೂ ಇದನ್ನು ‘ಮುಸುರು’ ಎನ್ನುತ್ತಾರೆ. ಜರಡಿಯಿಂದ ಹಿಟ್ಟು ಉದುರಿದಂತೆ ಬೀಳುವ ಹನಿ, ಅದರ ಹಿಂದೆಯೇ ಎಲುಬಿಗೆ ಇಳಿಯುವ ಗಾಳಿ, ಸೂರ್ಯನ ಮುಖ ಕಾಣದ ಹಗಲು. ಸಂಕ್ರಾಂತಿ ಹತ್ತಿರವಾದ ಮೇಲೆ ಇಂಥದ್ದು ಬರುವುದು ಅಪರೂಪ. ಮದ್ರಾಸಿನ ಕಡೆ ಸಮುದ್ರದಲ್ಲಿ ಸೈಕ್ಲೋನು ಎದ್ದಿದೆ, ಇದು ಅದರ ಬಾಲ ಎಂದು ಕಚೇರಿಯ ಗುಮಾಸ್ತರು ಮಾತಾಡಿಕೊಂಡರು.

‘ಈ ಚಳಿಯಲ್ಲಿ ಜನ ಬರುತ್ತಾರೆಯೇ ಸಾರ್, ತಾರೀಖು ಮುಂದಕ್ಕೆ ಹೋಗುವುದಿಲ್ಲವೇ?’ ಎಂದು ನಾನು ಅಧಿಕಾರಿಯನ್ನು ಕೇಳಿದೆ.

‘ನಿನ್ನ ಒಂದು ಹಳ್ಳಿಯ ಮಳೆಗೆ ದಿಲ್ಲಿ ನಿಲ್ಲುತ್ತದೇನಯ್ಯಾ?’ ಎಂದರು ಅವರು. ‘ಬಂದವರಿಗೆ ಕೊಡು. ಬಾರದವರ ಚಿಂತೆ ನಿನಗೆ ಬೇಡ.’

ಹೋದ ಮಾಗಿಯ ಮಾತು ಇದು. ವಯಸ್ಸಿಗೆ ಬಂದವರಿಗೆಲ್ಲ ಓಟು ಬಂದ ಮೊದಲ ಚುನಾವಣೆ. ನಾನು ಹಿಂದೂಪುರದಲ್ಲಿ ಮೇಷ್ಟರು. ನನ್ನನ್ನು ಕುಂದುರ್ಪಿ ಕಡೆಯ ಒಂದು ಹಳ್ಳಿಗೆ ಪ್ರಿಸೈಡಿಂಗ್ ಆಫೀಸರ್ ಎಂದು ಹಾಕಿದ್ದರು. ಮತಗಟ್ಟೆಯ ಯಜಮಾನ ಎಂದು ಅರ್ಥ. ಆದೇಶದಲ್ಲಿ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಟೈಪಾಗಿತ್ತು. ಹುಣಿಸೆ ಮಂಡಿಯಲ್ಲಿ ಮೂಟೆ ಹೊರುವ ನನ್ನ ತಂದೆ ಆ ಎರಡು ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದರು. ನನಗೆ ಹೆಮ್ಮೆಯಾಗಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಕುಂದುರ್ಪಿಯವರೆಗೆ ಲಾರಿ, ಅಲ್ಲಿಂದ ಮುಂದೆ ಎತ್ತಿನ ಗಾಡಿ. ಪೆಟ್ಟಿಗೆಗಳು ಒಂದಕ್ಕೊಂದು ಬಡಿಯಬಾರದೆಂದು ಗಾಡಿಯವನು ಕೆಳಗೆ ಹುಲ್ಲು ಹಾಸಿ ಮೇಲೆ ಗೋಣಿ ಹೊದಿಸಿದ. ನನ್ನೊಂದಿಗೆ ಕಲ್ಯಾಣದುರ್ಗದ ಒಬ್ಬ ಗುಮಾಸ್ತ, ಅನಂತಪುರದಿಂದ ಬಂದ ಒಬ್ಬ ತೆಲುಗು ಪೊಲೀಸಿನವನು. ಗುಮಾಸ್ತನಿಗೆ ಹೊರಟ ಗಳಿಗೆಯಿಂದ ಸೀನು. ನನ್ನ ಬಳಿ ಇದ್ದ ಒಂದೇ ಕೋಟು ಊರು ಮುಟ್ಟುವುದರೊಳಗೆ ಒದ್ದೆಯಾಗಿ, ಮೈಮೇಲೆ ಇನ್ನೊಬ್ಬನನ್ನು ಹೊತ್ತಂತೆ ಭಾರವಾಗಿತ್ತು.

ಊರ ಚಾವಡಿಯೇ ಮತಗಟ್ಟೆ. ಮೂರು ಕಡೆ ಗೋಡೆ, ಮುಂದೆ ಕಲ್ಲುಕಂಬ, ಬಾಗಿಲಿಲ್ಲ. ಗಾಳಿ ಬೀಸಿದಾಗ ಹನಿ ನಡುವಿನವರೆಗೆ ಬರುತ್ತಿತ್ತು. ಓಟು ಹಾಕುವ ಮರೆಗೆ ಬಿದಿರು ತಡಿಕೆ ಕಟ್ಟಿ, ಅದರ ಮೇಲೆ ಜಮಖಾನ ಇಳಿಬಿಟ್ಟೆವು. ಓದುಗರಲ್ಲಿ ಓಟು ಹಾಕಿದವರು ಬಹಳ ಜನ, ಪೆಟ್ಟಿಗೆ ಅಣಿಗೊಳಿಸಿದವರು ಕಡಿಮೆ, ಆದ್ದರಿಂದ ಒಂದು ಮಾತು ಹೇಳಬೇಕು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದೂ ಪಾರ್ಲಿಮೆಂಟಿಗೆ ಬೇರೆ, ಅಸೆಂಬ್ಲಿಗೆ ಬೇರೆ. ಪೆಟ್ಟಿಗೆಯ ಮೇಲೆ ಅಭ್ಯರ್ಥಿಯ ಗುರುತಿನ ಚಿತ್ರ ಅಂಟಿಸಬೇಕು. ಓದು ಬಾರದ ಮನುಷ್ಯನಿಗೆ ಆ ಚಿತ್ರವೇ ದಾರಿ. ತನಗೆ ಬೇಕಾದ ಚಿತ್ರದ ಪೆಟ್ಟಿಗೆಯೊಳಗೆ ಚೀಟಿ ಹಾಕಿದರೆ ಮುಗಿಯಿತು. ಚಿತ್ರ ಕಳಚಿ ಬಿದ್ದರೆ ಪೆಟ್ಟಿಗೆಗಳೆಲ್ಲ ಒಂದೇ.

ಆ ಒದ್ದೆಯಲ್ಲಿ ಚಿತ್ರ ನಿಲ್ಲಲಿಲ್ಲ. ಕಚೇರಿಯಲ್ಲಿ ಕೊಟ್ಟ ಅಂಟು ನೀರಾಗಿತ್ತು. ತಳವಾರನ ಮನೆಯಿಂದ ರಾಗಿ ಅಂಬಲಿಯನ್ನು ಗಟ್ಟಿಯಾಗಿ ಕಾಯಿಸಿ ತರಿಸಿದೆವು. ತಳವಾರ ಎಂದರೆ ಊರ ಕೆಲಸಕ್ಕೆ, ಡಂಗುರಕ್ಕೆ ಇರುವವನು, ನಡುವಯಸ್ಸಿನ ಮಾತುಗಾರ. ಅಂಬಲಿಯ ಪಾತ್ರೆಯನ್ನು ನನ್ನ ಮುಂದಿಟ್ಟು, ‘ಚಳಿಗೆ ಹೊಟ್ಟೆಗೆ ಹಾಕೋ ಪದಾರ್ಥ ಇದು, ನೀವು ಕಬ್ಬಿಣಕ್ಕೆ ಬಳೀತೀರಿ’ ಎಂದ.

ಪೆಟ್ಟಿಗೆಗಳಿಗೆ ಅಂಬಲಿ ಬಳಿಯುತ್ತಿರುವಾಗ, ಮರುದಿನ ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ, ಒಬ್ಬ ಮುದುಕ ಬಂದ. ತಲೆಯಿಂದ ಮೊಣಕಾಲಿನವರೆಗೆ ಕಂಬಳಿ ಕೊಪ್ಪೆ. ಕೊಪ್ಪೆಯೊಳಗೆ ಎದೆಯ ಹತ್ತಿರ ಏನೋ ಮಿಸುಕಾಡುತ್ತಿತ್ತು. ನೋಡಿದರೆ ಆಗತಾನೆ ಹುಟ್ಟಿದ ಕುರಿಮರಿ.

‘ಸ್ವಾಮಿ, ಓಟು ಇಲ್ಲೇನಾ?’

‘ಇಲ್ಲೇ ತಾತ. ಎಂಟು ಗಂಟೆಗೆ ಶುರು.’

‘ನನ್ಕಿಂತ ಮೊದ್ಲು ಯಾರಾನಾ ಬಂದವ್ರಾ?’

‘ಯಾರೂ ಇಲ್ಲ. ನೀನೇ ಮೊದಲು.’

‘ಹಂಗಾದ್ರೆ ಸರಿ’ ಎಂದು, ಕೈಯಲ್ಲಿದ್ದ ಕೋಲನ್ನು ಹೊರಗೋಡೆಗೆ ಒರಗಿಸಿ, ಮಂಜಿನೊಳಗೆ ಹೊರಟುಹೋದ. ಮನೆಯವರನ್ನು ಕರೆತರಲು ಹೋದನೆಂದು ನಾನು ತಿಳಿದುಕೊಂಡೆ.

ಎಂಟು ಗಂಟೆಗೆ ಶುರು ಮಾಡಿದೆವು. ಏಜೆಂಟರು ಇಬ್ಬರು. ಒಬ್ಬನು ಊರಿನ ದೊಡ್ಡ ರೈತರ ಕಡೆಯವನು, ತಲೆಗೆ ಮಫ್ಲರು ಸುತ್ತಿ ಬೀಡಿ ಹಚ್ಚಿಕೊಂಡು ಗಟ್ಟಿಯಾಗಿ ಕೂತಿದ್ದ. ಎದುರು ಕಡೆಯ ಏಜೆಂಟನಿಗೆ ಜ್ವರ, ದುಪ್ಪಟಿ ಹೊದ್ದು ಕಣ್ಣು ಮುಚ್ಚಿಕೊಂಡೇ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ದೊಡ್ಡ ರೈತರ ಮನೆಯ ಗಂಡಸರು ಬಂದರು, ಅಂಗಡಿಯವನು ಬಂದ, ಊರ ನಡುವಿನ ಕೆಲವು ಮನೆಯವರು ಬಂದರು. ಒಬ್ಬೊಬ್ಬರಿಗೂ ಹೊತ್ತು ಹಿಡಿಯುತ್ತಿತ್ತು. ಎಡಗೈ ತೋರುಬೆರಳಿಗೆ ಹಚ್ಚುವ ಮಸಿ ಒದ್ದೆ ಬೆರಳಿನ ಮೇಲೆ ನಿಲ್ಲುವುದಿಲ್ಲ, ಬಟ್ಟೆಯಿಂದ ಒರೆಸಿ, ಊದಿ, ಒಣಗಿಸಿ ಹಚ್ಚಬೇಕು. ನಡುವೆ ಮತ್ತೆ ಒಂದು ಚಿತ್ರ ಜಾರಿತು. ಮತದಾನ ನಿಲ್ಲಿಸಿ, ಏಜೆಂಟರಿಬ್ಬರನ್ನೂ ಮರೆಯೊಳಗೆ ಕರೆದು ತೋರಿಸಿ, ಮತ್ತೆ ಅಂಬಲಿ ಬಳಿದೆ. ಜ್ವರದವನು ಗೋಡೆ ಹಿಡಿದುಕೊಂಡು ಬಂದು ನೋಡಿ ಹೋದ.

ಹತ್ತು ಗಂಟೆಯ ಮೇಲೆ ಜನ ಬರುವುದು ನಿಂತೇಹೋಯಿತು. ಹೊಲದಲ್ಲಿ ಒಟ್ಟಿದ ಕಡಲೆಕಾಯಿ ನೆನೆಯುತ್ತಿದೆ, ಅದಕ್ಕೆ ಸೋಗೆ ಹೊದಿಸುವುದೇ ಎಲ್ಲರಿಗೂ ಕೆಲಸ ಎಂದು ಅಂಗಡಿಯವನು ಹೇಳಿ ಹೋಗಿದ್ದ. ಅದು ಊರಿನವರ ಮಾತು. ನಮ್ಮ ಪಟ್ಟಿಯ ಅರ್ಧಕ್ಕೂ ಹೆಚ್ಚು ಹೆಸರು ಗುಡ್ಡದ ಬುಡದಲ್ಲಿರುವ ಕುರಿಗಾರರ ಹಟ್ಟಿಯದು. ಅಲ್ಲಿಂದ ಒಬ್ಬರೂ ಓಟು ಹಾಕಿರಲಿಲ್ಲ.

‘ಅವ್ರು ಬರಲ್ಲ ಬಿಡಿ ಮೇಷ್ಟ್ರೇ’ ಎಂದ ಮಫ್ಲರಿನ ಏಜೆಂಟು. ‘ಕುರಿ ಹಿಂದೆ ತಿರುಗೋರಿಗೆ ಪಾರ್ಲಿಮೆಂಟು ಯಾಕೆ? ನೀವೂ ಒಸಿ ಬೆಚ್ಚಗೆ ಕುಂತ್ಕಳಿ.’

ಗುಮಾಸ್ತ ಸೀನಿದ. ನಾನು ಖಾಲಿ ರಸ್ತೆ ನೋಡುತ್ತಾ ಕೂತೆ. ಕಾಲಿನ ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಚೇರಿಯಲ್ಲಿ ಅಧಿಕಾರಿ ಹೇಳಿದ ಮಾತು ತಿರುತಿರುಗಿ ತಲೆಗೆ ಬರುತ್ತಿತ್ತು. ಬಾರದವರ ಚಿಂತೆ ನನಗೆ ಬೇಡ. ಹಾಗೆಂದುಕೊಂಡು ಸುಮ್ಮನಿರುವುದು ಎಷ್ಟು ಸುಲಭ ಎಂದು ಆ ಹೊತ್ತಿಗೆ ಅನ್ನಿಸಿದ್ದೂ ಹೌದು.

ಮಧ್ಯಾಹ್ನದ ಹೊತ್ತಿಗೆ ಹಟ್ಟಿಯ ಕಡೆಯಿಂದ ಒಬ್ಬಳು ಹೆಂಗಸು ಬಂದಳು. ನಲವತ್ತರ ಆಸುಪಾಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕಾಲು ಮೊಣಕಾಲಿನವರೆಗೆ ಕೆಸರು. ನಮ್ಮತ್ತ ನೋಡಲಿಲ್ಲ. ಹೊರಗೋಡೆಯ ಮುಂದೆ ನಿಂತು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಆಮೇಲೆ ಪೊಲೀಸಿನವನನ್ನು ಕೇಳಿದಳು.

‘ಇಲ್ಲಿದ್ದ ಕೋಲುಗಳು ಎಲ್ಲಿ?’

ಪೊಲೀಸಿನವನಿಗೆ ಕನ್ನಡ ಅರ್ಥವಾಗುತ್ತಿತ್ತು. ಚಾವಡಿಯ ಹಿಂದಕ್ಕೆ ಬೆರಳು ತೋರಿಸಿ, ‘ಅನ್ನೀ ಕಟ್ಟೇಸಿನಾನು’ ಎಂದ. ಎಲ್ಲವನ್ನೂ ಕಟ್ಟಿಹಾಕಿದ್ದಾನಂತೆ.

ಅವಳ ಮುಖ ಬದಲಾಯಿತು. ಬಂದ ದಾರಿಯಲ್ಲೇ ತಿರುಗಿ ನಡೆದಳು.

ತಳವಾರ ಓಡಿ ಬಂದು ನನ್ನ ಮೇಜಿನ ಮುಂದೆ ನಿಂತ. ‘ಸ್ವಾಮಿ, ಕೆಲ್ಸ ಕೆಟ್ಟೋಯ್ತು. ಹಟ್ಟಿಯೋರ ಪಾಳೀನೇ ಕಿತ್ತಾಕವ್ರೆ.’

ನಾನು ಎದ್ದು ಹಿಂದಕ್ಕೆ ಹೋಗಿ ನೋಡಿದೆ. ಸೌದೆಯ ಹೊರೆಯಂತೆ ಕೋಲುಗಳ ಒಂದು ಕಟ್ಟು. ಅದರ ಮೇಲೆ ಮಳೆ ಬೀಳುತ್ತಿತ್ತು.

ವಿಷಯ ಇಷ್ಟು. ಕುರಿಗಾರರು ಮಂದೆ ಬಿಟ್ಟು ಎಲ್ಲಿಯೂ ಗಂಟೆಗಟ್ಟಲೆ ನಿಲ್ಲುವಂತಿಲ್ಲ. ಅದಕ್ಕೇ ಅವರಲ್ಲಿ ಒಂದು ವಾಡಿಕೆ ಇದೆ. ಕಂಟ್ರೋಲ್ ಅಂಗಡಿಯಲ್ಲಿ ಜೋಳ ಕೊಡುವ ದಿನ, ಸೀಮೆಎಣ್ಣೆ ಕೊಡುವ ದಿನ, ಬಂದವರು ಬಂದ ಹಾಗೆ ಕೋಲನ್ನು ಗೋಡೆಗೆ ಒರಗಿಸಿ ಕುರಿಯ ಹತ್ತಿರಕ್ಕೆ ವಾಪಸು ಹೋಗುತ್ತಾರೆ. ಕೋಲು ನಿಂತರೆ ಆಳು ನಿಂತಂತೆ. ಪಾಳಿ ಬಂದಾಗ ಅಂಗಡಿಯವನು ಗುಡ್ಡದ ಕಡೆ ಮುಖ ಮಾಡಿ ಕೂಗುತ್ತಾನೆ, ಅವರು ಓಡಿ ಬರುತ್ತಾರೆ. ಬೆಳಗ್ಗೆ ಆ ಮುದುಕ ಮಾಡಿದ್ದು ಅದೇ. ನಾನು ಮರೆಯೊಳಗೆ ಅಂಬಲಿಯೊಂದಿಗೆ ಒದ್ದಾಡುತ್ತಿದ್ದಾಗ ಹಟ್ಟಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಕೋಲು ಇಟ್ಟು ಹೋಗಿದ್ದಾರೆ, ಕೂಗಿಗೆ ಕಾದಿದ್ದಾರೆ. ಪೊಲೀಸಿನವನಿಗೆ ಹೇಳಿಕಳಿಸಿದ್ದು ಮತಗಟ್ಟೆಯ ಸುತ್ತ ದೊಣ್ಣೆ, ಕೋಲು, ಆಯುಧ ಇರಕೂಡದು ಎಂದು. ಅವನು ತನ್ನ ಕೆಲಸ ಮಾಡಿದ್ದ.

‘ಕೋಲು ತೆಗೆದರೆ ಏನರ್ಥ?’ ಎಂದು ತಳವಾರನನ್ನು ಕೇಳಿದೆ.

‘ಕೋಲು ಸುಮ್‌ಸುಮ್ಕೆ ಯಾರೂ ಮುಟ್ಟಲ್ಲ ಸ್ವಾಮಿ. ಕುಲದಿಂದ ಆಚೆ ಹಾಕ್ದಾಗ ಮಾತ್ರ ಅವನ ಕೋಲು ಎತ್ತಿ ಬಿಸಾಕ್ತಾರೆ. ನಿಮ್ಗೂ ನಮ್ಗೂ ಸಂಬಂಧ ಇಲ್ಲ ಅಂದಂಗೆ.’

‘ಅವಳನ್ನು ಕರೆ.’

ಕರೆದು ತಂದ. ಅವಳು ಚಾವಡಿಯೊಳಕ್ಕೆ ಬರಲಿಲ್ಲ, ಹನಿಯಲ್ಲೇ ನಿಂತಳು. ಬೆಳಗ್ಗೆ ಬಂದ ಮುದುಕ ಅವಳ ತಂದೆ ಎಂದು ತಳವಾರ ಹೇಳಿದ.

‘ತಪ್ಪು ತಿಳಿಯಬೇಡಮ್ಮ. ಪೊಲೀಸಿನವರಿಗೆ ನಿಮ್ಮ ವಾಡಿಕೆ ಗೊತ್ತಿಲ್ಲ’ ಎಂದೆ.

‘ನಮ್ಮ ಓಟು ಬ್ಯಾಡ ಅಂದ್ರೆ ಬಾಯಲ್ಲೇ ಹೇಳ್ಬೋದಿತ್ತಲ್ಲ ಸ್ವಾಮಿ. ಕೋಲಿಗ್ಯಾಕೆ ಕೈ ಹಚ್ಚುದ್ರಿ?’

‘ಓಟು ಬೇಕು. ಎಲ್ಲರೂ ಬಂದು ಹಾಕಿ. ಆದರೆ ನೀವೇ ಬಂದು ನಿಲ್ಲಬೇಕು, ಕೋಲು ನಿಂತರೆ ಆಗುವುದಿಲ್ಲ.’

‘ನಿಲ್ಬೇಕಾ? ಈ ಮುಸುರ್ನಾಗೆ ಕುರಿ ಏನ್ ಮಾಡ್ತವೆ ಗೊತ್ತಾ ನಿಮ್ಗೆ? ಚಳಿಗೆ ಒಂದರ ಮೇಲೊಂದು ಬೀಳ್ತವೆ. ಕೆಳಗಿರೋವು ಉಸಿರುಗಟ್ಟಿ ಸಾಯ್ತವೆ. ನಿನ್ನೆ ರಾತ್ರಿಯಿಂದ ಹಟ್ಟಿ ಜನ ಎಲ್ಲ ಕುರಿ ರೊಪ್ಪದಾಗೆ ಅವ್ರೆ, ಕಾಲು ಹಿಡಿದು ಎಳೆದೆಳೆದು ಬಿಡಿಸ್ತಾ. ನಮ್ಮಪ್ಪ ಒಂದು ಗುಕ್ಕು ಗಂಜಿ ಕುಡ್ದಿಲ್ಲ. ಆದ್ರೂ ಎಲ್ರಿಗಿಂತ ಮುಂಚೆ ಬಂದು ಕೋಲು ಇಟ್ಟ. ನಂಗೂ ಸರ್ಕಾರದಾಗೆ ಒಂದು ಪಾಳಿ ಐತೆ ಅಂತ ಹಟ್ಟೀಗೆಲ್ಲ ಹೇಳ್ಕಂಡು ತಿರುಗ್ತಿದ್ದ. ಈಗ ಹೋಗಿ ಏನ್ ಹೇಳ್ಳಿ? ನಿನ್ನ ಕೋಲು ಹಿತ್ತಲಾಗೆ ಬಿದ್ದೈತೆ ಅಂತ ಹೇಳ್ಳಾ?’

ಇಂಗ್ಲಿಷಿನಲ್ಲಿದ್ದ ಕೈಪಿಡಿ ನನ್ನ ಮೇಜಿನ ಮೇಲಿತ್ತು. ಕಲ್ಯಾಣದುರ್ಗದಲ್ಲಿ ಪಾಠ ಹೇಳಿದಾಗ ಅದನ್ನು ಗೆರೆ ಎಳೆದು ಓದಿದ್ದೆ. ಮತಗಟ್ಟೆಯ ಅಧಿಕಾರಿ ಮತದಾರರನ್ನು ಕರೆಯಕೂಡದು, ಓಲೈಸಕೂಡದು, ಯಾರ ಕಡೆಯೂ ವಾಲಕೂಡದು. ಐದು ಗಂಟೆಗೆ ಮುಚ್ಚಬೇಕು, ಆಗ ಒಳಗಿರುವವರಿಗೆ ಮಾತ್ರ ಚೀಟಿ. ಕೋಲುಗಳ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಸುಮ್ಮನಿದ್ದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಹವಾಮಾನ ಕೆಟ್ಟಿತ್ತು, ಜನ ಬರಲಿಲ್ಲ ಎಂದು ವರದಿ ಬರೆದರೆ ಮುಗಿಯುತ್ತಿತ್ತು, ಅದು ನಿಜವೂ ಆಗಿರುತ್ತಿತ್ತು. ನನ್ನ ಫೀಸು ಕಟ್ಟಲು ತಂದೆ ಕಾಲೇಜಿನ ಕಿಟಕಿಯ ಮುಂದೆ ಅರ್ಧ ದಿನ ನಿಂತು, ಸರದಿ ಬಂದಾಗ ಇದು ನಿನ್ನ ಕಿಟಕಿಯಲ್ಲ ಎನ್ನಿಸಿಕೊಂಡು ಪಕ್ಕಕ್ಕೆ ಸರಿದದ್ದನ್ನು ನಾನು ನೋಡಿದ್ದೆ. ಅದು ನೆನಪಾಯಿತು ಎಂದಷ್ಟೇ ಹೇಳುತ್ತೇನೆ.

‘ಕಟ್ಟು ಬಿಚ್ಚಿ’ ಎಂದು ಪೊಲೀಸಿನವನಿಗೆ ಹೇಳಿದೆ. ‘ಕೋಲುಗಳನ್ನು ಇದ್ದ ಹಾಗೆ ಗೋಡೆಗೆ ನಿಲ್ಲಿಸೋಣ. ಆಮೇಲೆ ತಳವಾರ ಊರಿಗೂ ಹಟ್ಟಿಗೂ ಡಂಗುರ ಹೊಡೆಯಲಿ. ಐದರೊಳಗೆ ಯಾರು ಬಂದರೂ ಓಟು ಉಂಟು, ಆಳೇ ಬರಬೇಕು ಎಂದು ಹೇಳಲಿ. ಎಲ್ಲರಿಗೂ ಒಂದೇ ಮಾತು, ಯಾರ ಹೆಸರೂ ಬೇಡ, ಯಾವ ಗುರುತೂ ಬೇಡ.’

ಮಫ್ಲರಿನ ಏಜೆಂಟು ಬೀಡಿ ಎಸೆದು ಎದ್ದ. ‘ಕೋಲಿಗೂ ಓಟೈತಾ ಮೇಷ್ಟ್ರೇ? ಹಂಗಿದ್ರೆ ಹೇಳಿ, ನಮ್ಮನೆ ಹಾರೆ ಗುದ್ದಲಿ ಎಲ್ಲಾ ತತ್ತೀನಿ, ಅವೂ ಹಾಕ್ಲಿ.’

‘ಕೋಲಿಗೆ ಓಟಿಲ್ಲ. ಕೋಲಿನವರಿಗೆ ಇದೆ.’

‘ಜನ ಕರೆಯೋದು ನಮ್ಮ ಕೆಲ್ಸ. ನಿಮ್ದಲ್ಲ. ನಾನು ಮೇಲಕ್ಕೆ ಬರೀತೀನಿ.’

‘ಬರೆಯಿರಿ. ನಾನೇ ಬರೆದುಕೊಳ್ಳುತ್ತೇನೆ, ಸಹಿ ಹಾಕಿ’ ಎಂದು ಅವನ ಆಕ್ಷೇಪವನ್ನು ಅವನ ಮಾತಿನಲ್ಲೇ ದಿನಚರಿಯಲ್ಲಿ ಬರೆದು ಮುಂದಿಟ್ಟೆ. ಅವನು ಸಹಿ ಹಾಕಿದ. ಜ್ವರದವನನ್ನು ಕೇಳಿದರೆ, ‘ಏನಾನಾ ಮಾಡಿ, ಬೇಗ ಮುಗ್ಸಿ’ ಎಂದ.

ಕೋಲು ನಿಲ್ಲಿಸಲು ಆ ಹೆಂಗಸು ಕೈ ಹಾಕಲಿಲ್ಲ. ‘ಕಿತ್ತೋರು ನೀವು, ನೀವೇ ನಿಲ್ಸಿ’ ಎಂದಳು. ನಾನೂ ಪೊಲೀಸಿನವನೂ ಒಂದೊಂದು ಕೋಲನ್ನು ಎತ್ತಿ ಅವಳಿಗೆ ತೋರಿಸುವುದು, ಅವಳು ಯಾರದೆಂದು ಹೇಳಿ ಜಾಗ ತೋರಿಸುವುದು. ನನಗೆ ಎಲ್ಲವೂ ಒಂದೇ ಥರ ಕಂಡವು. ಅವಳಿಗೆ ಒಂದರಲ್ಲಿ ಗೆಣ್ಣು, ಒಂದರಲ್ಲಿ ಸುಟ್ಟ ಕಲೆ, ಒಂದರಲ್ಲಿ ತಂತಿಯ ಕಟ್ಟು. ಅಪ್ಪನ ಕೋಲನ್ನು ಮಾತ್ರ ತಾನೇ ನಮ್ಮ ಕೈಯಿಂದ ಕಿತ್ತುಕೊಂಡು ಮೊದಲ ಜಾಗದಲ್ಲಿ ಇಟ್ಟಳು. ‘ಪೋಲೀಸು ಉದ್ಯೋಗಮಾ ಇದಿ, ಗೊರ್ರೆಲ ಉದ್ಯೋಗಮಾ?’ ಎಂದು ಪೊಲೀಸಿನವನು ಗೊಣಗಿದ. ಇದು ಪೊಲೀಸು ಕೆಲಸವೋ ಕುರಿ ಕೆಲಸವೋ ಎಂದು. ‘ಕುರಿ ಕಾಯೋಕೆ ಬುದ್ಧಿ ಬೇಕು ಕಣಪ್ಪ, ನಿನ್ ಕೈಲಿ ಆಗಲ್ಲ’ ಎಂದಳು ಅವಳು. ಗುಮಾಸ್ತ ನಕ್ಕು ಮತ್ತೆ ಸೀನಿದ.

ತಮಟೆ ನೆನೆದಿತ್ತು. ತಳವಾರ ಬಾರಿಸಿದರೆ ಒದ್ದೆ ಗೋಣಿಗೆ ಹೊಡೆದಂತೆ ಸದ್ದು. ಬೆಂಕಿಯಲ್ಲಿ ಕಾಯಿಸಿದರೆ ಚರ್ಮ ಬಿಗಿಯುತ್ತದೆ, ಆದರೆ ಊರಲ್ಲಿ ಒಣ ಕಡ್ಡಿ ಇಲ್ಲ. ಒಣಗಿದ್ದದ್ದು ಒಂದೇ, ಚಾವಡಿಯ ಮೂಲೆಯಲ್ಲಿ ಗಾಡಿಯವನು ಗೋಣಿ ಮುಚ್ಚಿ ಕಾಪಾಡಿಕೊಂಡಿದ್ದ ಹುಲ್ಲು.

‘ಕೊಡಲ್ಲ ಸ್ವಾಮಿ’ ಎಂದ ಗಾಡಿಯವನು. ‘ಎತ್ತೇನು ತಿನ್ಬೇಕು, ನಿಮ್ಮ ಓಟಿನ ಕಾಗ್ದಾನಾ?’

‘ಅರ್ಧ ಕೊಡು. ಅಂಗಡಿಯವನನ್ನು ಕೇಳಿ ಬೇರೆ ಕೊಡಿಸುತ್ತೇನೆ.’

‘ಅರ್ಧ ಅಂದೋರು ಪೂರ್ತಿ ಸುಡ್ತೀರಿ’ ಎಂದ. ಹಾಗೇ ಆಯಿತು. ಹುಲ್ಲು ಚಟಪಟ ಉರಿದು ಬೇಗ ಮುಗಿಯುತ್ತಿತ್ತು, ತಮಟೆ ಎರಡು ಸುತ್ತು ಬಾರಿಸುವುದರೊಳಗೆ ಮತ್ತೆ ಮೆತ್ತಗಾಗುತ್ತಿತ್ತು. ತಳವಾರ ಕಡೆಗೆ ತಮಟೆಯನ್ನು ಕಂಬಳಿಯೊಳಗೆ ಸುತ್ತಿಕೊಂಡು ಹಟ್ಟಿಯ ಕಡೆ ಓಡಿದ. ಹೆಂಗಸು ಅವನಿಗಿಂತ ಮುಂದೆ ಓಡಿದಳು. ಮಂಜಿನೊಳಗಿಂದ ಡಬ್ ಡಬ್ ಎಂದು ಸದ್ದು ಬಂತು, ಆಮೇಲೆ ಅದೂ ನಿಂತಿತು.

ಕಾದೆವು. ಮಫ್ಲರಿನವನು ಕಂಬಕ್ಕೆ ಒರಗಿ ನಿದ್ದೆಹೋದ. ನನಗೂ ಕಣ್ಣು ಎಳೆಯುತ್ತಿತ್ತು. ಇಷ್ಟೆಲ್ಲ ಮಾಡಿ ಯಾರೂ ಬರದಿದ್ದರೆ, ಕೋಲು ನಿಲ್ಲಿಸಿದ ಪ್ರಿಸೈಡಿಂಗ್ ಆಫೀಸರ್ ಎಂದು ಕಲ್ಯಾಣದುರ್ಗದ ಕಚೇರಿಯಲ್ಲಿ ನಾನು ವರ್ಷಪೂರ್ತಿ ನಗೆಪಾಟಲಾಗುತ್ತೇನೆ ಎಂದುಕೊಂಡೆ.

ನಾಲ್ಕರ ಹೊತ್ತಿಗೆ ಬಂದರು. ಮೊದಲು ಕಂಬಳಿಗಳು ಕಂಡವು, ಆಮೇಲೆ ಕಾಲುಗಳು. ಹಟ್ಟಿಗೆ ಹಟ್ಟಿಯೇ ಬಂದಿತ್ತು. ಒಬ್ಬೊಬ್ಬರೂ ಗೋಡೆಯ ಹತ್ತಿರ ಹೋಗಿ ತಮ್ಮ ಕೋಲನ್ನು ಮುಟ್ಟಿ ನೋಡಿ, ಅದರ ಮುಂದೆ ನಿಂತುಕೊಂಡರು. ಗದ್ದಲವಿಲ್ಲ, ನೂಕಾಟವಿಲ್ಲ. ಅಂಥ ಸರದಿಯನ್ನು ನಾನು ಯಾವ ಪಟ್ಟಣದಲ್ಲೂ ಕಂಡಿಲ್ಲ. ಮೊದಲ ಕೋಲಿನ ಮುಂದೆ ಮಾತ್ರ ಯಾರೂ ಇರಲಿಲ್ಲ.

‘ತಾತ ಎಲ್ಲಿ?’ ಎಂದು ಮಗಳನ್ನು ಕೇಳಿದೆ.

‘ಎಲ್ರ ಕುರೀನೂ ಒಂದೇ ರೊಪ್ಪಕ್ಕೆ ಕೂಡ್ಕಂಡು ಕುಂತವ್ನೆ. ನೀವು ಹೋಗ್ರಿ, ಹಾಕಿದೋರು ಬಂದು ನನ್ನ ಬಿಡ್ಸಿ, ಆಮ್ಯಾಕೆ ನಾನು ಹೋಯ್ತೀನಿ ಅಂದ.’

‘ಹಾಗಾದರೆ ಮೊದಲು ಹಾಕಿದವರು ಬೇಗ ಹೋಗಲಿ.’

ಬೇಗ ಎಂಬುದು ನನ್ನ ಕೈಯಲ್ಲಿರಲಿಲ್ಲ. ಬೆರಳು ಒರೆಸಬೇಕು, ಊದಬೇಕು. ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ, ಪಟ್ಟಿಯಲ್ಲಿ ಹೆಸರು ಹುಡುಕಬೇಕಾದರೆ ಪಕ್ಕದವಳು ಹೇಳಬೇಕು, ಪಕ್ಕದವಳಿಗೆ ಅವನು ಭಾವನಾದರೆ ಅವಳೂ ಹೇಳುವುದಿಲ್ಲ. ಮರೆಯೊಳಗೆ ಹೋದವರು ಚಿತ್ರ ನೋಡುತ್ತಾ ನಿಂತುಬಿಡುತ್ತಿದ್ದರು. ಒಬ್ಬಳು ಪೆಟ್ಟಿಗೆಗೆ ಕೈ ಮುಗಿದು ಚೀಟಿಯನ್ನು ಅದರ ಮೇಲಿಟ್ಟು ಬಂದಳು. ಒಳಕ್ಕೆ ಹಾಕಬೇಕು ತಾಯಿ ಎಂದು ಮತ್ತೆ ಕಳಿಸಿದೆವು.

ಇನ್ನೊಂದು ಸಂಗತಿ ನಾನು ಎಣಿಸಿರಲಿಲ್ಲ. ಓಟು ಹಾಕಿದವರು ಹೋಗಲಿಲ್ಲ. ಹೊರಗೆ ಬಂದು, ಮಸಿ ಹತ್ತಿದ ಬೆರಳನ್ನು ಮಳೆಗೆ ಮರೆಮಾಡಿಕೊಂಡು, ಗೋಡೆಯ ಹತ್ತಿರ ಗುಂಪಾಗಿ ನಿಂತರು. ಮಗಳು ಒಬ್ಬಿಬ್ಬರನ್ನು ನೂಕಿದಳು. ‘ಹೋಗ್ರಲಾ, ಅಪ್ಪನ್ನ ಬಿಡ್ಸಿ.’

‘ಹೋಯ್ತೀವಿ ಕಣಕ್ಕ. ನಮ್ಮೋರು ಇನ್ನೂ ಹಾಕ್ಬೇಕು. ನಾವು ಅತ್ತಾಗೆ ಹೋದ್ರೆ ಇತ್ತಾಗೆ ಕೋಲು ಕಿತ್ತಾಕುದ್ರೆ?’

ಬೆಳಗ್ಗೆ ಕಳೆದ ನಂಬಿಕೆಯನ್ನು ಡಂಗುರ ಹೊಡೆದು ವಾಪಸು ತರಲಾಗಲಿಲ್ಲ. ನಾನು ಮೇಜು ಬಿಟ್ಟು ಎದ್ದು, ಕೋಲು ಯಾರೂ ಮುಟ್ಟುವುದಿಲ್ಲ ಎಂದು ಪೊಲೀಸಿನವನ ಬಾಯಿಂದಲೇ ಹೇಳಿಸಿದ ಮೇಲೆ ಮೂವರು ಗಂಡಸರು ಗುಡ್ಡದ ಕಡೆ ಹೊರಟರು. ಅಷ್ಟರಲ್ಲಿ ಹೊತ್ತು ಬಹಳ ಮೀರಿತ್ತು.

ಐದು ಗಂಟೆಗೆ, ಸಾಲೂ ಕೋಲುಗಳೂ ಒಳಗೆ ಬರುವಂತೆ, ಕಂಬದಿಂದ ಹೊರಗೋಡೆಯ ತುದಿಯವರೆಗೆ ಹಗ್ಗ ಕಟ್ಟಿಸಿದೆ. ಸಾಲಿನ ಕೊನೆಯವರಿಂದ ಶುರುಮಾಡಿ ಒಳಗಿದ್ದವರಿಗೆಲ್ಲ ನನ್ನ ಸಹಿ ಹಾಕಿದ ಸರದಿ ಚೀಟಿ ಕೊಟ್ಟೆ. ಹಗ್ಗ ಕಟ್ಟಿ ಹೆಚ್ಚು ಹೊತ್ತಾಗಿರಲಿಲ್ಲ, ಮುದುಕ ಬಂದ. ಓಡಿ ಬಂದಿದ್ದ. ಹಗ್ಗದ ಆಚೆ ನಿಂತು ಏದುಸಿರು ಬಿಡುತ್ತಿದ್ದ. ಸಾಲಿನಲ್ಲಿ ಇನ್ನೂ ಜನ ಇದ್ದರು, ಒಳಗೆ ಓಟು ನಡೆಯುತ್ತಲೇ ಇತ್ತು.

‘ಸ್ವಾಮಿ, ನಂದೇ ಮೊದಲ್ನೇದು’ ಎಂದ.

‘ಐದಾಯಿತು ತಾತ. ಹಗ್ಗ ಕಟ್ಟಿದ ಮೇಲೆ ಬಂದವರಿಗೆ ಇಲ್ಲ.’

ಮಗಳು ಹಗ್ಗ ಹಿಡಿದುಕೊಂಡಳು. ‘ಅವನು ಈಗ ಬಂದಿದ್ದಲ್ಲ ಸ್ವಾಮಿ. ಬೆಳಗ್ಗೆ ಬಂದವ್ನು. ಕೋಲು ಒಳಗೈತೆ ನೋಡಿ, ಹಗ್ಗದ ಈಚೆಗೆ.’

ಸಾಲು ನಿಂತಿತು. ಎಲ್ಲರೂ ನನ್ನನ್ನು ನೋಡಿದರು. ಮಫ್ಲರಿನವನು ಎಚ್ಚರವಾಗಿ ಕೂತಿದ್ದ. ಒಬ್ಬನನ್ನು ಬಿಟ್ಟರೆ ಅವನ ಆಕ್ಷೇಪ ಕಾಗದದಲ್ಲಿ ಗಟ್ಟಿಯಾಗುತ್ತದೆ, ಹಟ್ಟಿಯವರ ಅಷ್ಟೂ ಓಟು ಅದರ ಜೊತೆಗೆ ಅಲುಗಾಡುತ್ತದೆ. ಅದು ನನಗೆ ಸ್ಪಷ್ಟವಾಗಿತ್ತು.

‘ಕೋಲಿಗೆ ಓಟಿಲ್ಲಮ್ಮ’ ಎಂದೆ.

ಮಧ್ಯಾಹ್ನ ಮಫ್ಲರಿನವನಿಗೆ ಕೊಟ್ಟ ಉತ್ತರದ ಮೊದಲರ್ಧವಷ್ಟೇ ಈಗ ನನ್ನ ಬಾಯಿಂದ ಬಂದಿತ್ತು. ಅವನು ನಗಲಿಲ್ಲ. ತಲೆ ತಗ್ಗಿಸಿ ಇನ್ನೊಂದು ಬೀಡಿ ತೆಗೆದ.

ಮುದುಕ ಮಗಳ ಕೈಯನ್ನು ಹಗ್ಗದಿಂದ ಬಿಡಿಸಿದ. ‘ಬಿಡಮ್ಮಿ, ಉಳಿದೋರು ಹಾಕ್ಲಿ. ಹೊತ್ತಾಯ್ತೈತೆ’ ಎಂದು ಆಚೆಯೇ ಕುಕ್ಕುರುಗಾಲಲ್ಲಿ ಕೂತ. ಕೊನೆಯವನು ಓಟು ಹಾಕುವವರೆಗೂ ಕೂತಿದ್ದ. ಪೆಟ್ಟಿಗೆಗಳ ಬಾಯಿಗೆ ಕಾಗದ ಸುತ್ತಿ, ಅರಗು ಕರಗಿಸಿ ಮುದ್ರೆ ಒತ್ತಿ, ಮಸಿಯ ಬುಡ್ಡಿಗೂ ಬಿರಡೆ ಹಾಕಿ ಸೀಲು ಮಾಡಿದೆವು. ಹಟ್ಟಿಯವರು ಯಾರೂ ಹೋಗಿರಲಿಲ್ಲ, ಸೀಲು ಮಾಡುವುದನ್ನು ಕೊನೆಯವರೆಗೂ ನೋಡಿದರು. ಆಗ ಅವನು ಎದ್ದು ಬಂದ.

‘ಎಲ್ರೂ ಹಾಕುದ್ರಾ ಸ್ವಾಮಿ?’

‘ನಿಂತವರೆಲ್ಲ ಹಾಕಿದರು.’

‘ಕುರೀನೂ ಒಂದೂ ಸಾಯ್ಲಿಲ್ಲ’ ಎಂದು ಎಡಗೈಯನ್ನು ಕಂಬಳಿಯಿಂದ ಹೊರಗೆ ತೆಗೆದು ನನ್ನ ಮುಂದೆ ಚಾಚಿದ. ‘ಓಟು ಹೋಗ್ಲಿ. ಮಸಿ ಒಂಚೂರು ಹಚ್ಚಿಬಿಡಿ.’

‘ಬುಡ್ಡಿಗೆ ಸೀಲಾಗಿದೆ ತಾತ. ಈಗ ತೆಗೆಯುವಂತಿಲ್ಲ.’

‘ನಾಳೆ ಹಟ್ಟೀಲಿ ಎಲ್ರೂ ಬೆರಳು ನೋಡ್ಕಂತಾರೆ. ನಂದೊಂದು ಬರೀದು. ಕೋಲು ಎತ್ತಾಕುದ್ರಲ್ಲ, ಎಲ್ರುದೂ ವಾಪಸು ಇಟ್ರು, ಇವನ್ನ ಮಾತ್ರ ಸರ್ಕಾರ ಬ್ಯಾಡ ಅಂತು ಅಂತಾರೆ. ಮಕ್ಳು ಮರೀನೂ ಅದೇ ಹೇಳ್ಕಂಡಿರ್ತವೆ.’

ಚೇಷ್ಟೆಯ ಮಾತಲ್ಲ. ಸುತ್ತ ನಿಂತವರೂ ಅವನ ಮಾತನ್ನು ತಳ್ಳಿಹಾಕಲಿಲ್ಲ. ಬೆನ್ನು ನೋಯುತ್ತಿತ್ತು, ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇರಲಿಲ್ಲ. ನನ್ನ ಎಡಗೈಯನ್ನು ಕಂದೀಲಿನ ಬೆಳಕಿಗೆ ಹಿಡಿದೆ.

‘ನೋಡು. ನನ್ನದೂ ಬರಿದು.’

ಅವನು ಬಗ್ಗಿ ನೋಡಿದ. ಬೆರಳನ್ನು ಹಿಡಿದು ತಿರುಗಿಸಿಯೂ ನೋಡಿದ. ‘ನಿಮ್ಗ್ಯಾಕಿಲ್ಲ?’

‘ನನ್ನ ಓಟು ಇರುವುದು ಹಿಂದೂಪುರದಲ್ಲಿ. ಅಲ್ಲೂ ಇವತ್ತೇ. ನಾನು ಇಲ್ಲಿ ನಿಮ್ಮದನ್ನು ಕಾಯುತ್ತಾ ಕೂತೆ, ನನ್ನದು ಹೋಯಿತು.’

‘ಇಷ್ಟು ಓದಿದ್ರೂ ಇಲ್ವಾ?’

‘ಓದಿದ್ದಕ್ಕೇ, ತಾತ.’

ಹಟ್ಟಿಯವರು ಒಬ್ಬರ ಹಿಂದೊಬ್ಬರು ಹತ್ತಿರ ಬಂದು ನನ್ನ ಬೆರಳು ನೋಡಿದರು. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತರಗತಿಯಲ್ಲಿ ಮಾತಾಡುವಂತೆ ಗಟ್ಟಿಯಾಗಿ ಹೇಳಿದೆ, ‘ಈ ತಾತನನ್ನು ಸರ್ಕಾರ ಬೇಡ ಎನ್ನಲಿಲ್ಲ. ನೀವು ಓಟು ಹಾಕಲಿ ಎಂದು ಇಬ್ಬರು ಕೆಲಸದ ಮೇಲಿದ್ದೆವು. ಅವನು ಅಲ್ಲಿ, ನಾನು ಇಲ್ಲಿ. ಕೆಲಸದ ಮೇಲಿದ್ದವರ ಬೆರಳು ಹೀಗೇ ಇರುತ್ತದೆ.’

‘ನಿಮ್ಗೆ ಸಂಬಳ ಬತ್ತೈತೆ’ ಎಂದಳು ಮಗಳು. ‘ನಮ್ಮಪ್ಪಂಗೆ?’

ಜನ ನಕ್ಕರು. ಮುದುಕನೂ ನಕ್ಕ. ‘ಸುಮ್ಕಿರಮ್ಮಿ. ಮೇಷ್ಟ್ರು ಉಣ್ಣದಂಗೆ ನಿಂತವ್ರೆ’ ಎಂದು ಗದರಿಸಿ, ಬರಿಯ ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಕಂಬಳಿಯ ಹೊರಗೇ ಇಟ್ಟುಕೊಂಡು, ತನ್ನ ಜನರ ಮುಂದೆ ಮುಂದೆ ಗುಡ್ಡದ ಕಡೆ ನಡೆದ.